ಮೆಟಲ್ ಡಿಟೆಕ್ಟರ್ ಕೊಂಡಾಯಿತು, ಜೊತೆಗೆ ಏನೇನು ಬೇಕು?

ಓದುಗರ ಪ್ರಶ್ನೆ: ನನ್ನೂರು ಹಾಸನ ಜಿಲ್ಲೆ. ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಬಂದು ಈಗ ನಾರ್ಥಾಂಪ್ಟನ್‌ಶೈರ್‌ನಲ್ಲಿದ್ದೇವೆ. ಈ ಬೇಸಿಗೆಯಲ್ಲಿ ಮೈನ್‌ಲ್ಯಾಬ್ ವ್ಯಾಂಕ್ವಿಶ್ 440 ಡಿಟೆಕ್ಟರ್ ಕೊಂಡೆ. ಪರಿಚಯದ ರೈತರೊಬ್ಬರು ತಮ್ಮ ಎರಡು ಹೊಲಗಳಲ್ಲಿ ಹುಡುಕಲು ಒಪ್ಪಿದ್ದಾರೆ. ಒಂದು ಉಳುವ ಹೊಲ, ಇನ್ನೊಂದು ಕುರಿ ಮೇಯುವ ಹುಲ್ಲುಗಾವಲು. ಸದ್ದು ಬರುತ್ತದೆ, ಅಗೆಯುತ್ತೇನೆ, ಮೊಣಕಾಲುದ್ದ ಗುಂಡಿಯಾದರೂ ಏನೂ ಸಿಗುವುದಿಲ್ಲ. ಒಮ್ಮೆ ಸಿಕ್ಕ ತೆಳು ಬೆಳ್ಳಿ ನಾಣ್ಯ ಎರಡು ತುಂಡಾಗಿತ್ತು, ನನ್ನ ಸನಿಕೆಯ ಏಟಿಗೇ ಇರಬೇಕು. ಹುಲ್ಲುಗಾವಲಿನಲ್ಲಿ ನಾನು ಮುಚ್ಚಿದ ಜಾಗಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿವೆ, ರೈತರು ಮುಖ ಗಂಟಿಕ್ಕಿಕೊಂಡಿದ್ದಾರೆ. ಇನ್ನೂ ಆಳಕ್ಕೆ ಹೋಗುವ ಸಾಮಾನು ಬೇಕೇನೋ ಎನಿಸಿ ಪಟ್ಟಿ ಮಾಡಿದ್ದೇನೆ: 12 ಇಂಚಿನ ಕಾಯಿಲ್ (ಡಿಟೆಕ್ಟರಿನ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆ), ಸಿಗ್ನಲ್ ಬೂಸ್ಟರ್, ನೂರು ಮೀಟರ್ ದೂರದ ಚಿನ್ನ ತೋರಿಸುತ್ತದೆ ಎನ್ನುವ ಆಂಟೆನಾ, ನನ್ನ ಇಯರ್‌ಬಡ್‌ಗೆ ಜೋಡಿಸಲು ಬ್ಲೂಟೂತ್ ಡಾಂಗಲ್, ಪಿನ್‌ಪಾಯಿಂಟರ್, ಅಗೆಯುವ ಚಾಕು, ಅಲ್ಟ್ರಾಸಾನಿಕ್ ಕ್ಲೀನರ್. ಎಲ್ಲ ಸೇರಿ 500 ಪೌಂಡ್ ಹತ್ತಿರವಾಗುತ್ತದೆ. ಯಾವುದು ಬೇಕು, ಯಾವುದು ಬೇಡ? ಡಿಸೆಂಬರ್ ರಜೆಗೆ ಊರಿಗೆ ಹೋಗುವಾಗ ಡಿಟೆಕ್ಟರನ್ನೂ ಒಯ್ಯಬಹುದೇ? ನಮ್ಮ ಹೊಲದ ಪಕ್ಕದಲ್ಲೇ ಹಳೇ ಗುಡಿಯೊಂದಿದೆ.

ಉತ್ತರ: ವಸ್ತು ಸಿಗುತ್ತಿಲ್ಲ ಎಂಬುದು ನಿಮ್ಮ ಒಂದು ಚಿಂತೆ, ಹೊಲ ಹಾಳಾಗುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಬೇರು ಒಂದೇ. ಡಿಟೆಕ್ಟರ್ ವಸ್ತುವನ್ನು ಕಾಣುತ್ತಿದೆ, ಆದರೆ ಅದು ಎಲ್ಲಿದೆ ಎಂದು ನಿಮ್ಮ ಕೈಗೆ ಗೊತ್ತಾಗುತ್ತಿಲ್ಲ. 440ರ ಜೊತೆ ಬರುವ 10×7 ಇಂಚಿನ ಕಾಯಿಲ್ ಒಳ್ಳೆಯ ಮಣ್ಣಿನಲ್ಲೂ ನಾಣ್ಯದಷ್ಟು ವಸ್ತುವನ್ನು 20–25 ಸೆಂಟಿಮೀಟರಿಗಿಂತ ಕೆಳಗೆ ಹಿಡಿಯುವುದು ಅಪರೂಪ. ಮೊಣಕಾಲುದ್ದ ಗುಂಡಿಯಾಗಿದೆ ಎಂದರೆ ವಸ್ತು ಆಗಲೇ ನೀವು ಹೊರಗೆ ಹಾಕಿದ ಮಣ್ಣಿನಲ್ಲಿರುತ್ತದೆ, ಇಲ್ಲವೇ ಗುಂಡಿಯ ಪಕ್ಕದ ಗೋಡೆಯಲ್ಲಿ ಕೂತಿರುತ್ತದೆ. ಹಾಗಾಗಿ ಆಳ ಹೆಚ್ಚಿಸುತ್ತೇನೆ ಎನ್ನುವ ಸಾಮಾನುಗಳನ್ನೆಲ್ಲ ಮೊದಲು ಪಟ್ಟಿಯಿಂದ ಹೊಡೆದುಹಾಕಿ. ಗುಂಡಿಯನ್ನು ಚಿಕ್ಕದು ಮಾಡುವ, ಸಿಕ್ಕಿದ್ದನ್ನು ಕಾಪಾಡುವ ಸಾಮಾನಿಗೆ ಆ ಹಣ ಹಾಕಿ.

ಆಳದ ಆಸೆ

ಕಾಯಿಲ್ ಹೊರಡಿಸುವ ಕಾಂತಕ್ಷೇತ್ರ ಮಣ್ಣಿನಲ್ಲಿರುವ ಲೋಹದೊಳಗೆ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಹುಟ್ಟಿದ ಪುಟ್ಟ ಕಾಂತಕ್ಷೇತ್ರ ಮರಳಿ ಕಾಯಿಲ್‌ಗೆ ಮುಟ್ಟುತ್ತದೆ. ಚಿಕ್ಕ ವಸ್ತುವಾದರೆ ಈ ಬಲ ಹೋಗುವಾಗ ಒಮ್ಮೆ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಬರುವಾಗ ಇನ್ನೊಮ್ಮೆ ಅಷ್ಟೇ ಕುಗ್ಗುತ್ತದೆ. ಲೆಕ್ಕ ಹಾಕಿದರೆ, ಆಳ ಎರಡು ಪಟ್ಟಾದಾಗ ಮರಳಿ ಬರುವ ಸಂಕೇತ 64ರಲ್ಲಿ ಒಂದು ಪಾಲು ಮಾತ್ರ. ಹೆಡ್‌ಫೋನ್ ತೂತಿಗೆ ಸಿಕ್ಕಿಸುವ ಬೂಸ್ಟರ್ ಈ ಲೆಕ್ಕವನ್ನು ಬದಲಿಸಲಾರದು. ಯಂತ್ರ ಆಗಲೇ ತೀರ್ಮಾನಿಸಿ ಹೊರಗೆ ಬಿಟ್ಟ ಸದ್ದನ್ನು ಅದು ಜೋರು ಮಾಡುತ್ತದೆ, ಜೊತೆಗೆ ಮಣ್ಣಿನ ಗದ್ದಲವನ್ನೂ ವಿದ್ಯುತ್ ತಂತಿಗಳ ಗುಂಯ್‌ಗುಟ್ಟುವಿಕೆಯನ್ನೂ ಅಷ್ಟೇ ಜೋರು ಮಾಡುತ್ತದೆ. ಕಿವಿ ಮಂದವಿದ್ದವರಿಗೆ ಉಪಯೋಗವಾದೀತು, ಉಳಿದವರಿಗೆ ದಂಡ.

12×9 ಇಂಚಿನ ಕಾಯಿಲ್ ಮೋಸದ ಮಾಲಲ್ಲ. ಕಸ ಕಡಿಮೆಯಿರುವ ದೊಡ್ಡ ಬಯಲು ಹೊಲದಲ್ಲಿ ಒಂದು ಬೀಸಿಗೆ ಹೆಚ್ಚು ನೆಲ ಸಿಗುತ್ತದೆ, ಆಳವೂ ಸ್ವಲ್ಪ ಹೆಚ್ಚುತ್ತದೆ. ಆದರೆ ಕಾಯಿಲ್ ದೊಡ್ಡದಾದಷ್ಟೂ ಅದರ ಕೆಳಗೆ ಒಂದೇ ಹೊತ್ತಿಗೆ ಬೀಳುವ ವಸ್ತುಗಳೂ ಹೆಚ್ಚುತ್ತವೆ. ನೂರಾರು ವರ್ಷ ಜನ ಓಡಾಡಿದ ಇಂಗ್ಲೆಂಡಿನ ನೆಲದಲ್ಲಿ ಕಬ್ಬಿಣದ ಮೊಳೆ, ಲಾಳದ ಚೂರು ತುಂಬಿರುತ್ತವೆ. ಮೊಳೆಯ ಪಕ್ಕದಲ್ಲಿರುವ ನಾಣ್ಯದ ಸದ್ದನ್ನು ಮೊಳೆಯೇ ನುಂಗಿಬಿಡುತ್ತದೆ. ಹಳೆಯ ಮನೆ, ಕೊಟ್ಟಿಗೆ ಇದ್ದ ಜಾಗದಲ್ಲಿ ಹುಡುಕುವುದಾದರೆ ಇದೇ ಮಾಲಿಕೆಯ 8×5 ಇಂಚಿನ ಚಿಕ್ಕ ಕಾಯಿಲ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಈಗ ಅದೂ ಬೇಡ, ಮೊದಲ ವರ್ಷ ಇರುವ ಕಾಯಿಲ್‌ನ ಭಾಷೆ ಕಲಿಯಿರಿ. ಬೇರೆ ಕಂಪನಿಯ ಕಾಯಿಲನ್ನಂತೂ ಪ್ಲಗ್ ಕೂರುತ್ತದೆ ಎಂದು ಕೊಳ್ಳಬೇಡಿ. ಯಂತ್ರಕ್ಕೂ ಕಾಯಿಲ್‌ಗೂ ಹೊಂದಾಣಿಕೆ ಇಲ್ಲದಿದ್ದರೆ ಬರುವುದೆಲ್ಲ ಸುಳ್ಳು ಸದ್ದೇ.

ಇನ್ನು ಆ ನೂರು ಮೀಟರಿನ ಆಂಟೆನಾ. ನಮ್ಮ ಕಡೆ ಅಂಜನ ಹಾಕಿ ನಿಧಿ ತೋರಿಸುವವರಿದ್ದಾರಲ್ಲ, ಇದು ಅದರದೇ ಬ್ಯಾಟರಿ ಹಾಕಿದ ಅವತಾರ. ಕೈಯಲ್ಲಿ ಹಿಡಿದ ಕಡ್ಡಿ ಅತ್ತಿತ್ತ ವಾಲುವುದು ಹಿಡಿದವರ ಮಣಿಕಟ್ಟು ತಮಗೇ ತಿಳಿಯದಂತೆ ಅಲುಗುವುದರಿಂದ, ಚಿನ್ನದ ಸೆಳೆತದಿಂದಲ್ಲ. ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿ ಇದೇ ಬಗೆಯ ಕಡ್ಡಿಗೆ ಎಡಿಇ 651 ಎಂದು ಹೆಸರಿಟ್ಟು, ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ್ದ. ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಆಟಿಕೆಯಂಥ ವಸ್ತುವೇ ಅದರ ಮೂಲ. 2013ರಲ್ಲಿ ಅವನಿಗೆ 10 ವರ್ಷ ಜೈಲಾಯಿತು. ಚಿನ್ನದ ಹೆಸರಿನಲ್ಲಿ ಅದೇ ಜಾತಿಯ ಸಾಮಾನು ಇಂದಿಗೂ ಬಿಕರಿಯಾಗುತ್ತಿದೆ.

ಆಳದ ಆಸೆ ಬಿಡಲು ಇನ್ನೂ ಒಂದು ಕಾರಣವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಡಿಟೆಕ್ಟರ್ ಬಳಸುವವರಿಗೆ ಇರುವ ನೀತಿಸಂಹಿತೆ (2017ರಲ್ಲಿ ಪರಿಷ್ಕೃತವಾದದ್ದು) ಆದಷ್ಟೂ ಉತ್ತ ನೆಲದಲ್ಲೇ, ಅದೂ ನೇಗಿಲು ಹೋದಷ್ಟೇ ಆಳದಲ್ಲಿ ಕೆಲಸ ಮಾಡಿ ಎನ್ನುತ್ತದೆ. ನೇಗಿಲು ಮುಟ್ಟದ ಪದರದಲ್ಲಿ ವಸ್ತುಗಳು ಬಿದ್ದ ಜಾಗದಲ್ಲೇ ಇರುತ್ತವೆ, ಅವುಗಳ ಸುತ್ತಲಿನ ಮಣ್ಣೇ ಅರ್ಧ ಇತಿಹಾಸ ಹೇಳುತ್ತದೆ.

ಬೆರಳಿನಷ್ಟು ಹತ್ತಿರ ಹೋಗುವುದು

ದುಡ್ಡು ಹಾಕುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಸದ್ದು ಬಂದ ಜಾಗದ ಮೇಲೆ ಕಾಯಿಲನ್ನು ಎಡದಿಂದ ಬಲಕ್ಕೆ ಚಿಕ್ಕದಾಗಿ ಆಡಿಸಿ, ಸದ್ದು ಅತಿ ಜೋರಾಗಿರುವ ಗೆರೆಯನ್ನು ಗುರುತಿಟ್ಟುಕೊಳ್ಳಿ. ಆಮೇಲೆ ನೀವು 90 ಡಿಗ್ರಿ ತಿರುಗಿ ನಿಂತು ಅದನ್ನೇ ಮತ್ತೆ ಮಾಡಿ. ಎರಡು ಗೆರೆ ಕೂಡುವ ಜಾಗವೇ ಗುರಿ. ನಿಮ್ಮದು ಡಬಲ್ ಡಿ ಕಾಯಿಲ್ (ಒಳಗೆ D ಆಕಾರದ ಎರಡು ತಂತಿ ಸುರುಳಿ ಇರುವಂಥದ್ದು) ಆದ್ದರಿಂದ ಇನ್ನೊಂದು ಉಪಾಯವೂ ನಡೆಯುತ್ತದೆ. ಆಡಿಸುತ್ತಲೇ ಕಾಯಿಲನ್ನು ನಿಮ್ಮ ಕಡೆಗೆ ಎಳೆದುಕೊಳ್ಳುತ್ತ ಬನ್ನಿ, ಸದ್ದು ಫಕ್ಕನೆ ನಿಂತಾಗ ವಸ್ತು ಕಾಯಿಲ್‌ನ ಮುಂದಿನ ತುದಿಯ ಹತ್ತಿರ ಇರುತ್ತದೆ. ಮನೆಯ ಹಿತ್ತಲಿನಲ್ಲಿ ನಾಣ್ಯ ಹೂತು ಒಂದು ಸಂಜೆ ಅಭ್ಯಾಸ ಮಾಡಿದರೆ ಗುಂಡಿಯ ಅಗಲ ಅರ್ಧಕ್ಕಿಳಿಯುತ್ತದೆ.

ಇಷ್ಟಾದ ಮೇಲೆ ಪಟ್ಟಿಯಲ್ಲಿ ನಿಜವಾಗಿ ಬೇಕಾದದ್ದು ಪಿನ್‌ಪಾಯಿಂಟರ್. ಟಾರ್ಚಿನಷ್ಟು ಉದ್ದದ ಈ ಕೋಲು ನಾಣ್ಯವನ್ನು ಮೂರರಿಂದ ಐದು ಸೆಂಟಿಮೀಟರ್ ಹತ್ತಿರ ಬಂದಾಗ ಹಿಡಿದು ನಡುಗುತ್ತದೆ, ಕೂಗುತ್ತದೆ, ಹತ್ತಿರವಾದಷ್ಟೂ ಬೇಗಬೇಗ ಕೂಗುತ್ತದೆ. ಗ್ಯಾರೆಟ್, ಮೈನ್‌ಲ್ಯಾಬ್, ನೋಕ್ಟಾ, ಎಕ್ಸ್‌ಪಿ ಎಲ್ಲರೂ ಮಾಡುತ್ತಾರೆ. ಒಳ್ಳೆಯದಕ್ಕೆ 100 ಪೌಂಡ್ ಮೇಲಾಗುತ್ತದೆ. 20–30 ಪೌಂಡಿನವು ಕೆಲಸ ಮಾಡುವುದೇ ಇಲ್ಲವೆಂದಲ್ಲ, ಆದರೆ ಒದ್ದೆ ಜೇಡಿಮಣ್ಣಿಗೆ ತಾಗಿದ ಕೂಡಲೇ ಅರಚುವುದು, ಬಿಸಿಲಿಗೆ ಕಾದರೆ ಶ್ರುತಿ ತಪ್ಪುವುದು ಅವುಗಳ ಸಾಮಾನ್ಯ ರೋಗ. ಕಿತ್ತಳೆ ಬಣ್ಣದ ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿ ಬಹಳ ಜನಪ್ರಿಯ, ಅದಕ್ಕೇ ಅದರ ನಕಲಿಗಳೂ ಹೇರಳ. ಅರ್ಧ ಬೆಲೆಗೆ ಆನ್‌ಲೈನಿನಲ್ಲಿ ಕಂಡರೆ ಅನುಮಾನಿಸಿ, ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ನಕಲಿ ಹೊರಗಿನಿಂದ ಹಾಗೇ ಕಂಡರೂ ಒಳಗೆ ನೀರು ಹೋಗುತ್ತದೆ, ವಾರಂಟಿಯೂ ಇರುವುದಿಲ್ಲ.

ಬಳಸುವ ಕ್ರಮ ಹೀಗೆ. ಸನಿಕೆ, ಬೂಟು, ಡಿಟೆಕ್ಟರ್ ಎಲ್ಲದರಿಂದ ದೂರ ಹಿಡಿದು ಆನ್ ಮಾಡಿ. ಮಣ್ಣಿಗೆ ತಾಗಿಸಿದಾಗ ಮಣ್ಣೇ ಕೂಗಿದರೆ, ತಾಗಿಸಿಕೊಂಡೇ ರೀಟ್ಯೂನ್ ಬಟನ್ ಒತ್ತಿ, ಅದು ಮಣ್ಣನ್ನು ಲೆಕ್ಕದಿಂದ ಬಿಡುತ್ತದೆ. ಗುಂಡಿಗೆ ಇಳಿಸುವ ಮೊದಲು ಹೊರಗೆ ಎತ್ತಿಟ್ಟ ಹೆಂಟೆಯ ಎಲ್ಲ ಮಗ್ಗುಲನ್ನೂ ನೋಡಿ. ಅಲ್ಲಿಲ್ಲವಾದರೆ ಗುಂಡಿಯ ಗೋಡೆ, ಕೊನೆಗೆ ತಳ. ಬಹಳಷ್ಟು ಹೊಸಬರು ತಳದಿಂದ ಶುರುಮಾಡುತ್ತಾರೆ, ಮತ್ತೆ ಅಗೆಯುತ್ತಾರೆ, ನಿಮ್ಮ ಮೊಣಕಾಲುದ್ದದ ಗುಂಡಿಗಳು ಹುಟ್ಟುವುದು ಹಾಗೇ. ಕೂಗು ತೀರಾ ಹತ್ತಿರದಲ್ಲಿದ್ದರೆ ಮತ್ತೊಮ್ಮೆ ರೀಟ್ಯೂನ್ ಮಾಡಿ, ಹಿಡಿತದ ವ್ಯಾಪ್ತಿ ಕಿರಿದಾಗಿ ವಸ್ತುವಿನ ಅಂಚೇ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಲೋಹದ ಉಪಕರಣ ಬೇಡ, ಬೆರಳು ಅಥವಾ ಮರದ ಕಡ್ಡಿ ಸಾಕು. ಕೆಲಸ ಮುಗಿದ ಮೇಲೆ ಆಫ್ ಮಾಡಿ, ಇಲ್ಲದಿದ್ದರೆ ಡಿಟೆಕ್ಟರಿನ ಜೊತೆ ಜಗಳವಾಡಿ ಸುಳ್ಳು ಸದ್ದು ಕೊಡುತ್ತದೆ. ಸೊಂಟದ ಪಟ್ಟಿಗೆ ಸುರುಳಿ ದಾರದಿಂದ ಕಟ್ಟಿಕೊಂಡರೆ ಹುಲ್ಲಿನಲ್ಲಿ ಕಳೆಯುವುದಿಲ್ಲ. 9 ವೋಲ್ಟ್ ಬ್ಯಾಟರಿಯ ಮಾದರಿಯಾದರೆ ಒಂದು ಹೆಚ್ಚುವರಿ ಬ್ಯಾಟರಿ ಜೇಬಿನಲ್ಲಿರಲಿ.

ಅಗೆದ ಮೇಲೆ ಸದ್ದೇ ಮಾಯವಾಯಿತೆಂದರೆ ಎರಡು ಸಾಧ್ಯತೆ. ನಾಣ್ಯ ಅಂಚಿನ ಮೇಲೆ ನಿಂತಿರಬಹುದು, ಆಗ ಅದು ಕಾಯಿಲ್‌ಗೆ ತೆಳು ಗೆರೆಯಾಗಿ ಮಾತ್ರ ಕಾಣುತ್ತದೆ. ಇಲ್ಲವೇ ಅದು ತುಕ್ಕು ಹಿಡಿದ ಮೊಳೆಯಾಗಿತ್ತು. ಸುತ್ತಲಿನ ಮಣ್ಣಿಗೆ ಹರಡಿದ ತುಕ್ಕು ಅದನ್ನು ದೊಡ್ಡದಾಗಿ ತೋರಿಸುತ್ತಿತ್ತು, ಮಣ್ಣು ಕದಡಿದಾಗ ಆ ಭ್ರಮೆ ಹೋಯಿತು.

ಸನಿಕೆ ಮತ್ತು ಹುಲ್ಲು

ತೋಟದ ದೊಡ್ಡ ಸನಿಕೆ ಈ ಕೆಲಸಕ್ಕಲ್ಲ. ಅಲಗು 12ರಿಂದ 15 ಸೆಂಟಿಮೀಟರ್ ಅಗಲ, ಒಟ್ಟು ಉದ್ದ 70ರಿಂದ 100 ಸೆಂಟಿಮೀಟರ್, ಕಾಲಿಟ್ಟು ಒತ್ತಲು ಮೇಲಂಚಿನಲ್ಲಿ ಮಡಿಕೆ ಇರುವ ಸ್ಟೇನ್‌ಲೆಸ್ ಸ್ಟೀಲ್ ಸನಿಕೆ ಬೇಕು. ಬ್ಲ್ಯಾಕ್ ಏಡಾ, ಇವೊಲ್ಯೂಷನ್ ಮೊದಲಾದವು ಇದಕ್ಕೆಂದೇ ಮಾಡುತ್ತವೆ. ದುಬಾರಿ ಎನಿಸಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಕಾಲುವೆ ತೋಡುವ ಕಿರಿದಲಗಿನ ಗಿಡ್ಡ ಸನಿಕೆಯೂ ನಡೆಯುತ್ತದೆ. ಹಿಡಿ ಮರದ್ದಾಗಿದ್ದರೆ ನಾರ್ಥಾಂಪ್ಟನ್‌ಶೈರ್‌ನ ಬಿಗಿ ಜೇಡಿಯಲ್ಲಿ ಮೀಟುವಾಗ ಕತ್ತಿನ ಹತ್ತಿರ ಮುರಿಯುತ್ತದೆ. ಬೆಸುಗೆ ಹಾಕಿದ ಉಕ್ಕಿನ ಕೊಳವೆ ಹಿಡಿಯೇ ವಾಸಿ.

ಸನಿಕೆಯನ್ನು ಗುರಿಯ ಮೇಲೆ ಇಳಿಸಬೇಡಿ. ಗುರಿಯಿಂದ 10 ಸೆಂಟಿಮೀಟರ್ ಆಚೆ, ನೆಟ್ಟಗೆ ಇಳಿಸಿ. ನಿಮ್ಮ ನಾಣ್ಯ ತುಂಡಾಗಿದ್ದು ಓರೆಯಾಗಿ ಇಳಿದ ಅಲಗಿನಿಂದಲೇ ಇರಬೇಕು. ಆದರೂ ಆ ತುಂಡುಗಳ ಅಂಚನ್ನೊಮ್ಮೆ ನೋಡಿ. ಅಂಚು ಹೊಳೆಯುತ್ತಿದ್ದರೆ ಅದು ಸನಿಕೆಯ ಕೆಲಸ. ಮಾಸಿ ಕಪ್ಪಾಗಿದ್ದು, ಹಿಂಬದಿಯ ಶಿಲುಬೆಯ ಗೆರೆಗೆ ಸರಿಯಾಗಿ ಕತ್ತರಿಸಿದಂತಿದ್ದರೆ ಅದು ಮಧ್ಯಯುಗದವರೇ ಬೇಕೆಂದು ಕತ್ತರಿಸಿದ್ದು. 1279–80ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ದುಂಡಗಿನ ಅರ್ಧ ಪೆನ್ನಿ, ಕಾಲು ಪೆನ್ನಿ ಹೊರಡಿಸುವವರೆಗೆ ಚಿಲ್ಲರೆ ಬೇಕಾದಾಗ ಪೆನ್ನಿಯನ್ನೇ ಕತ್ತರಿಸುವ ರೂಢಿಯಿತ್ತು.

ಹುಲ್ಲುಗಾವಲಿನಲ್ಲಿ ಮೂರು ಬದಿ ಮಾತ್ರ ಕತ್ತರಿಸಿ, ನಾಲ್ಕನೆಯ ಬದಿಯನ್ನು ಬಾಗಿಲಿನ ತಿರುಗಣೆಯಂತೆ ಬಿಡಿ. ಆ ಬದಿಯ ಬೇರುಗಳು ಹುಲ್ಲಿಗೆ ನೀರು ಕೊಡುತ್ತಲೇ ಇರುತ್ತವೆ. ಹೆಂಟೆಯ ದಪ್ಪ 10–15 ಸೆಂಟಿಮೀಟರ್ ಇರಲಿ, ಮೂರ್ನಾಲ್ಕು ಸೆಂಟಿಮೀಟರ್ ಸುಲಿದರೆ ಬೇರು ತುಂಡಾಗಿ ಹುಲ್ಲು ಸಾಯುತ್ತದೆ. ನಿಮ್ಮ ಕಂದು ವೃತ್ತಗಳಿಗೆ ಕಾರಣ ಬಹುಶಃ ಇದೇ. ಸಡಿಲ ಮಣ್ಣನ್ನು ಹುಲ್ಲಿನ ಮೇಲೆ ಸುರಿಯದೆ ಅರ್ಧ ಮೀಟರಿನ ಟಾರ್ಪಾಲಿನ್ ತುಂಡಿನ ಮೇಲೆ ಹಾಕಿ. ಈ ತುಂಡಿಗೆ ಖರ್ಚೇನೂ ಇಲ್ಲ, ಆದರೆ ಪಟ್ಟಿಯಲ್ಲಿ ಪಿನ್‌ಪಾಯಿಂಟರ್ ಬಿಟ್ಟರೆ ಇದಕ್ಕೇ ಎರಡನೆಯ ಸ್ಥಾನ ಕೊಡಬೇಕು. ಮಣ್ಣನ್ನೆಲ್ಲ ಗುಂಡಿಗೆ ಮರಳಿಸಿ, ಹೆಂಟೆಯನ್ನು ಮಡಿಸಿ ಮುಚ್ಚಿ, ಕಾಲಿನಿಂದ ತುಳಿಯಿರಿ. ಗುಂಡಿ ತಗ್ಗಾಗಿ ಉಳಿದರೆ ಕುರಿಯ ಕಾಲು ಉಳುಕುತ್ತದೆ. ಮಳೆಯಿಲ್ಲದೆ ನೆಲ ಬಿರುಕುಬಿಟ್ಟಿರುವಾಗ ಹುಲ್ಲಿನ ಮೇಲೆ ಅಗೆಯಲೇಬೇಡಿ, ಎಷ್ಟು ಚೆನ್ನಾಗಿ ಮುಚ್ಚಿದರೂ ಒಣಗುತ್ತದೆ. ಆ ದಿನಗಳಲ್ಲಿ ಕೊಯ್ಲಾದ ಹೊಲಕ್ಕೆ ಹೋಗಿ. ಈಗ ಒಣಗಿರುವ ಜಾಗಗಳಿಗೆ ರೈತರನ್ನು ಕೇಳಿ ಅವರು ಹೇಳಿದ ಹುಲ್ಲಿನ ಬೀಜವನ್ನೇ ಹಾಕಿ. ಮುನಿಸು ಕರಗಲು ಅದು ಸಾಕಾದೀತು.

ಅಗೆಯುವ ಚಾಕು ಚಿಕ್ಕ ಗುಂಡಿಗೆ ಅನುಕೂಲವೇ. ಆದರೆ ಇಂಗ್ಲೆಂಡಿನಲ್ಲಿ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಂಥ ಅಲಗು ಹಿಡಿದು ಓಡಾಡುವುದು 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಡಿ ಅಪರಾಧ. ಹೊಲದಲ್ಲಿ ಇರುವುದಕ್ಕೆ ಕಾರಣವಿದೆ, ಮರಳುವ ದಾರಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಪೆಟ್ರೋಲ್ ಬಂಕಿಗೋ ಪಬ್ಬಿಗೋ ಹೋಗುವುದಕ್ಕಿಲ್ಲ. ಸನಿಕೆಯಿದ್ದರೆ ಚಾಕು ಬೇಕಿಲ್ಲ, ಕೈಗರಣೆಯೊಂದು ಸಾಕು.

ಕಿವಿಗೆ ಏನು?

ನಿಮ್ಮ ಬ್ಲೂಟೂತ್ ಯೋಜನೆಯ ತೊಂದರೆ ಸಮಯದ್ದು. ಸಾಮಾನ್ಯ ಇಯರ್‌ಬಡ್‌ಗಳಲ್ಲಿ ಸದ್ದು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸುತ್ತದೆ. ಹಾಡು ಕೇಳುವಾಗ ಅದು ತಿಳಿಯುವುದಿಲ್ಲ. ಆದರೆ ಕಾಯಿಲ್ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸುತ್ತಿದ್ದರೆ, ಸದ್ದು ಕಿವಿಗೆ ಬೀಳುವ ಹೊತ್ತಿಗೆ ಅದು ವಸ್ತುವನ್ನು ದಾಟಿ 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮರಳಿ ಬೀಸುವಾಗ ಆ ಕಡೆ 20. ಒಂದೇ ವಸ್ತು 40 ಸೆಂಟಿಮೀಟರ್ ಅಂತರದ ಎರಡು ಜಾಗಗಳಲ್ಲಿ ಕೂಗಿದಂತಾಗುತ್ತದೆ. ಎಪಿಟಿಎಕ್ಸ್ ಲೋ ಲೇಟೆನ್ಸಿ ಎಂಬ ತಂತ್ರದಲ್ಲಿ ಈ ವಿಳಂಬ 40 ಮಿಲಿಸೆಕೆಂಡಿಗೆ, ಅಂದರೆ ನಾಲ್ಕು ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಡಾಂಗಲ್ ಮತ್ತು ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು. ಒಂದರಲ್ಲಿ ಇಲ್ಲದಿದ್ದರೆ ಜೋಡಿ ತಾನಾಗಿ ಹಳೆಯ ನಿಧಾನದ ದಾರಿ ಹಿಡಿಯುತ್ತದೆ, ಪರದೆಯ ಮೇಲೆ ಎಚ್ಚರಿಕೆಯೂ ಬರುವುದಿಲ್ಲ.

440ಕ್ಕೆ 3.5 ಮಿಲಿಮೀಟರಿನ ತೂತಿದೆ. 15–20 ಪೌಂಡಿನ ತಂತಿಯ ಹೆಡ್‌ಫೋನ್ ಹಾಕಿ, ತಂತಿಯನ್ನು ಕೋಟಿನ ತೋಳಿನೊಳಗಿಂದ ತಂದರೆ ಬೇಲಿಗೆ ಸಿಕ್ಕುವುದಿಲ್ಲ. ಒಂದು ಕಿವಿ ಅರ್ಧ ತೆರೆದಿರಲಿ, ಟ್ರ್ಯಾಕ್ಟರ್ ಬರುವುದು, ದನ ಬೆನ್ನಟ್ಟುವುದು ಕೇಳಬೇಕು. ಹೆಡ್‌ಫೋನ್ ಇಲ್ಲದೆ ಸ್ಪೀಕರಿನಲ್ಲೇ ಕೇಳಿದರೆ ಆಳದಲ್ಲಿರುವ ವಸ್ತುಗಳ ಪಿಸುಸದ್ದು ಗಾಳಿಯಲ್ಲಿ ಕಳೆದುಹೋಗುತ್ತದೆ. ನೀವು ಕೇಳುತ್ತಿರುವ ಆ ಹೆಚ್ಚುವರಿ ಆಳ ನಿಜವಾಗಿ ಸಿಗುವುದು ಇಲ್ಲಿ.

ಸಿಕ್ಕಿದ ವಸ್ತುವಿಗೆ

ಅಲ್ಟ್ರಾಸಾನಿಕ್ ಕ್ಲೀನರ್ ಬೇಡ. ಅಡ್ಗೆಸೋಡ ಹಾಕಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುವುದು, ನಿಂಬೆರಸ, ವಿನಿಗರ್, ಕೋಲಾ, ಹಲ್ಲುಜ್ಜುವ ಪೇಸ್ಟ್, ನಮ್ಮ ಮನೆಗಳಲ್ಲಿ ಹಿತ್ತಾಳೆಗೆ ಹಚ್ಚುವ ಹುಣಸೆಹಣ್ಣು, ಯಾವುದೂ ಬೇಡ. ನೂರಾರು ವರ್ಷ ಮಣ್ಣಿನಲ್ಲಿದ್ದ ತಾಮ್ರ, ಕಂಚಿನ ನಾಣ್ಯದ ಮೇಲ್ಮೈ ಲೋಹವಾಗಿ ಉಳಿದಿರುವುದಿಲ್ಲ. ರಾಜನ ಮುಖ, ಅಕ್ಷರಗಳೆಲ್ಲ ಹಸಿರು ಪದರದಲ್ಲೇ ಇರುತ್ತವೆ. ಕಿಲುಬು ಎಂದು ಉಜ್ಜಿ ತೆಗೆದರೆ ಕೈಯಲ್ಲಿ ಉಳಿಯುವುದು ಬೋಳು ಬಿಲ್ಲೆ. ಬೆಳ್ಳಿಯ ಹಳೆಯ ಪೆನ್ನಿಗಳು ಕಾಗದದಷ್ಟು ತೆಳು, ಒಳಗೆ ಕೂದಲಿನಂಥ ಬಿರುಕುಗಳಿರುತ್ತವೆ, ಅಲ್ಟ್ರಾಸಾನಿಕ್ ಕಂಪನಕ್ಕೆ ಅವು ಉದುರುತ್ತವೆ.

ಬೇಕಾದದ್ದು ಇಷ್ಟೇ: ಒಳಗೆ ಸ್ಪಂಜಿನ ಹಾಸು ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಜಿಪ್ ಇರುವ ಪಾಲಿಥಿನ್ ಚೀಲಗಳು, ಅಳಿಸದ ಮಾರ್ಕರ್ ಪೆನ್ನು, 10 ಪಟ್ಟಿನ ಭೂತಗನ್ನಡಿ, ಸಿಲಿಕಾ ಜೆಲ್. ಪಿವಿಸಿ ಚೀಲ, ಪಿವಿಸಿ ನಾಣ್ಯದ ಆಲ್ಬಂ ಬೇಡ, ಅದರ ಮೆದುಕಾರಕ ಹೊರಬಂದು ನಾಣ್ಯಕ್ಕೆ ಹಸಿರು ಅಂಟು ಮೆತ್ತುತ್ತದೆ. ನಾಣ್ಯಗಳನ್ನು ಒಟ್ಟಿಗೆ ಜೇಬಿಗೆ ಹಾಕಬೇಡಿ, ಮಣ್ಣಿನ ಮರಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಚಿನ್ನ, ಗಟ್ಟಿಯಿರುವ ಬೆಳ್ಳಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಉಜ್ಜದೆ ಒಣಗಿಸಬಹುದು. ತಾಮ್ರ, ಕಂಚನ್ನು ತೊಳೆಯದೆ ನೆರಳಿನಲ್ಲಿ ಒಣಗಿಸಿ, ಚೀಲಕ್ಕೆ ಸೂಜಿಯಿಂದ ಎರಡು ತೂತು ಮಾಡಿ ಇಡಿ. ಮೇಲೆ ತಿಳಿಹಸಿರು ಪುಡಿ ಉಕ್ಕತೊಡಗಿದರೆ ಅದು ಕ್ಲೋರೈಡಿನಿಂದ ಬರುವ ಕಂಚಿನ ರೋಗ. ಅದನ್ನು ಬೇರೆಯಾಗಿಟ್ಟು, ಒಣ ಜಾಗದಲ್ಲಿರಿಸಿ, ಸಂರಕ್ಷಣಾ ತಜ್ಞರಿಗೆ ತೋರಿಸಿ. ಕಬ್ಬಿಣಕ್ಕೆ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್. ಸೀಸವನ್ನು ಓಕ್ ಮರದ ಪೆಟ್ಟಿಗೆಯಲ್ಲೋ ರಟ್ಟಿನಲ್ಲೋ ಇಡಬೇಡಿ, ಅವುಗಳಿಂದ ಹೊರಡುವ ಆಮ್ಲದ ಆವಿ ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಚರ್ಮ, ಮರ, ಬಟ್ಟೆಯ ಎಳೆ ಅಂಟಿಕೊಂಡಿದ್ದರೆ ನಿಯಮ ತಲೆಕೆಳಗು. ಒಣಗಲು ಬಿಡದೆ ಅದೇ ಮಣ್ಣಿನ ತೇವದಲ್ಲಿ, ತಂಪಿನಲ್ಲಿಟ್ಟು ಬೇಗ ಫೋನ್ ಮಾಡಿ.

ಯಾರಿಗೆ ಫೋನ್? ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸಲು ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ನಿಮ್ಮ ಭಾಗಕ್ಕೊಬ್ಬ ಫೈಂಡ್ಸ್ ಲಿಯಾಜ಼ಾನ್ ಅಧಿಕಾರಿ ಇರುತ್ತಾರೆ. ಅವರು ಮೊದಲು ಕೇಳುವುದು ಜಾಗ. ಅದಕ್ಕೆ ಬೇರೆ ಜಿಪಿಎಸ್ ಯಂತ್ರ ಬೇಕಿಲ್ಲ, ಫೋನಿನಲ್ಲಿ ಆರ್ಡ್‌ನೆನ್ಸ್ ಸರ್ವೇ ಗ್ರಿಡ್ ಸಂಖ್ಯೆ (ಬ್ರಿಟನ್ನಿನ ಸರ್ಕಾರಿ ನಕ್ಷೆಯಲ್ಲಿ ಜಾಗ ಗುರುತಿಸುವ ಸಂಖ್ಯೆ) ತೋರಿಸುವ ಆ್ಯಪ್ ಸಾಕು. ಆರು ಅಂಕಿಯ ಸಂಖ್ಯೆ 100 ಮೀಟರಿನ ಚೌಕ, ಎಂಟು ಅಂಕಿಯದು 10 ಮೀಟರ್, ಹತ್ತು ಅಂಕಿಯದು ಒಂದು ಮೀಟರ್. ಬಯಲಿನಲ್ಲಿ ಫೋನ್ ಐದಾರು ಮೀಟರ್ ಆಚೀಚೆ ಹೇಳುವುದರಿಂದ ಎಂಟು ಅಂಕಿಯನ್ನು ನಂಬಬಹುದು. ಆ ಸಂಖ್ಯೆ, ದಿನಾಂಕ, ಆಳವನ್ನು ಚೀಲದ ಮೇಲೆ ಅಲ್ಲೇ ಬರೆಯಿರಿ. ಫೋಟೋದಲ್ಲಿ ಸೆಂಟಿಮೀಟರ್ ಪಟ್ಟಿ ಇರಲಿ. ಉಳಿದ ಹೊತ್ತು ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಕಾಯಿಲ್‌ನಿಂದ ದೂರದ ಜೇಬಿನಲ್ಲಿಡಿ.

1996ರ ಟ್ರೆಷರ್ ಕಾಯ್ದೆಯನ್ನೂ ತಿಳಿದಿರಿ. 300 ವರ್ಷಕ್ಕಿಂತ ಹಳೆಯದಾದ, ತೂಕದಲ್ಲಿ ಕನಿಷ್ಠ 10% ಚಿನ್ನ ಅಥವಾ ಬೆಳ್ಳಿ ಇರುವ ಒಡವೆ-ವಸ್ತು, ಅಷ್ಟೇ ಹಳೆಯ ಎರಡು ಅಥವಾ ಹೆಚ್ಚು ಚಿನ್ನ-ಬೆಳ್ಳಿ ನಾಣ್ಯಗಳು ಒಂದೇ ಕಡೆ ಸಿಕ್ಕಿದ್ದು, ಬೇರೆ ಲೋಹದ್ದಾದರೆ ಹತ್ತು ನಾಣ್ಯಗಳು, ಇವೆಲ್ಲ ಟ್ರೆಷರ್, ಅಂದರೆ ನಿಧಿ. 14 ದಿನದೊಳಗೆ ಕರೋನರ್‌ಗೆ (ಇಂಥ ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ) ತಿಳಿಸಬೇಕು. 2023ರಿಂದ 200 ವರ್ಷ ಮೀರಿದ, ಅಸಾಧಾರಣ ಐತಿಹಾಸಿಕ ಮಹತ್ವದ ಲೋಹದ ವಸ್ತುಗಳೂ ಸೇರಿವೆ. ನಿಮ್ಮ ಒಂಟಿ ನಾಣ್ಯ ಟ್ರೆಷರ್ ಅಲ್ಲ, ಆದರೂ ಅಧಿಕಾರಿಗೆ ತೋರಿಸಿ ದಾಖಲಿಸಿ.

ಗುಂಡಿಯಲ್ಲಿ ಒಂದರ ಹಿಂದೆ ಒಂದು ಬರತೊಡಗಿದರೆ ನಿಲ್ಲಿಸಿ. 1992ರ ನವೆಂಬರಿನಲ್ಲಿ ಸಫೊಕ್‌ನ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ರೈತ ಗೆಳೆಯನ ಕಳೆದ ಸುತ್ತಿಗೆ ಹುಡುಕುತ್ತಿದ್ದಾಗ ರೋಮನ್ ಕಾಲದ ಚಿನ್ನ-ಬೆಳ್ಳಿ ಸಿಕ್ಕಿತು. ಅವರು ಪೂರ್ತಿ ತೋಡದೆ ಸುದ್ದಿ ಮುಟ್ಟಿಸಿದ್ದರಿಂದ ಪುರಾತತ್ವದವರು ಬಂದು ಕ್ರಮವಾಗಿ ಅಗೆದರು. ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿದ್ದರು ಎಂಬುದೂ ತಿಳಿಯಿತು. ಆ ಸುತ್ತಿಗೆಯೂ ಸಿಕ್ಕಿ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಚಿಲ್ಲರೆ ಸಾಮಾನು, ಕಾಗದಪತ್ರ

ಎರಡು ಖಾನೆಯ ಸೊಂಟದ ಚೀಲ: ಒಂದು ಕಸಕ್ಕೆ. ಅಲ್ಯೂಮಿನಿಯಂ ಚೂರು, ಬಿರಡೆ, ಸೀಸ ಯಾವುದನ್ನೂ ಗುಂಡಿಗೆ ಮರಳಿ ಹಾಕಬೇಡಿ, ಕುರಿ ತಿಂದರೆ ಅಪಾಯ, ಮುಂದಿನ ಸಲ ನೀವೇ ಅದನ್ನು ಅಗೆಯುತ್ತೀರಿ. ದಪ್ಪ ಕೈಗವಸು ಬೇಕು, ಗಾಜು, ಮುಳ್ಳುತಂತಿ ಇರುತ್ತವೆ, ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಿ. ಉಕ್ಕಿನ ಮೂತಿಯ ಸುರಕ್ಷಾ ಬೂಟು ಹಾಕಿದರೆ ಪ್ರತಿ ಬೀಸಿಗೂ ಬೂಟೇ ಕೂಗುತ್ತದೆ, ರಬ್ಬರ್ ಗಮ್‌ಬೂಟು ಸರಿ. ಹುಲ್ಲಿನಲ್ಲಿ ಉಣ್ಣಿ ಹುಳ ಹತ್ತುತ್ತದೆ, ಲೈಮ್ ರೋಗ ಅದರಿಂದಲೇ ಬರುವುದು, ಮನೆಗೆ ಬಂದು ಮೈ ನೋಡಿಕೊಳ್ಳಿ, ಉಣ್ಣಿ ಕೀಳುವ ಪ್ಲಾಸ್ಟಿಕ್ ಕೊಕ್ಕೆ ಒಂದೆರಡು ಪೌಂಡಿಗೆ ಸಿಗುತ್ತದೆ. ಚಿಕ್ಕ ಅಯಸ್ಕಾಂತ ಮೊಳೆ ಬೇರ್ಪಡಿಸಲು ಒಳ್ಳೆಯದು. ತಾಮ್ರದಂತೆ ಕಾಣುವ ಪೆನ್ನಿ ಅದಕ್ಕೆ ಅಂಟಿದರೆ ಅದು 1992ರಿಂದ ಈಚಿನ, ತಾಮ್ರ ಲೇಪಿಸಿದ ಉಕ್ಕಿನದು. ಕಾಯಿಲ್‌ನ ಕೆಳಮುಚ್ಚಳವನ್ನು ಪ್ರತಿ ಸಲ ಬಿಚ್ಚಿ ತೊಳೆಯಿರಿ, ಒಳಗೆ ಸೇರಿದ ಕಬ್ಬಿಣದಂಶದ ಮಣ್ಣು ಸುಳ್ಳು ಸದ್ದು ಕೊಡುತ್ತದೆ. ಕಾಯಿಲ್‌ನ ಕೇಬಲ್ ಸಡಿಲವಾಗಿ ಅಲುಗಾಡಿದರೂ ಅದೇ ಗತಿ. ಭುಜಕ್ಕೆ ಹಾಕುವ ಹಾರ್ನೆಸ್ ಒಂದು ಕಿಲೋ ಚಿಲ್ಲರೆಯ ನಿಮ್ಮ ಯಂತ್ರಕ್ಕೆ ಅನಗತ್ಯ. ಮದ್ದುಗುಂಡಿನಂತೆ ಕಂಡದ್ದನ್ನು ಮುಟ್ಟದೆ 999ಕ್ಕೆ ಕರೆಮಾಡಿ.

ರೈತರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಅವರು ಗೇಣಿದಾರರಾದರೆ ಜಮೀನಿನ ಮಾಲೀಕರ ಸಹಿಯೂ ಬೇಕು. ಸಿಕ್ಕಿದ್ದರ ಪಾಲು ಹೇಗೆಂದು ಅದರಲ್ಲೇ ಬರೆದುಕೊಳ್ಳಿ. ಹೊಲ ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿದೆಯೇ ಎಂದು ಹಿಸ್ಟಾರಿಕ್ ಇಂಗ್ಲೆಂಡ್ ನಕ್ಷೆಯಲ್ಲಿ ನೋಡಿ. ಅಂಥ ಜಾಗದಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದೇ 1979ರ ಕಾಯ್ದೆಯಡಿ ಅಪರಾಧ, ರೈತರ ಒಪ್ಪಿಗೆ ಅಲ್ಲಿ ನಡೆಯದು. ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್ ಸದಸ್ಯತ್ವದ ಜೊತೆ ಒಂದು ಕೋಟಿ ಪೌಂಡಿನ ಸಾರ್ವಜನಿಕ ಹೊಣೆಗಾರಿಕೆ ವಿಮೆ ಬರುತ್ತದೆ. ಬೂಸ್ಟರಿನ ಹಣ ಇದಕ್ಕೆ ಹಾಕಿ.

ಊರಿಗೆ ಒಯ್ಯಬಹುದೇ?

ಬೇಡ. ಇಂಗ್ಲೆಂಡಿನಲ್ಲಿ ಈ ಹವ್ಯಾಸ ಕಾನೂನಿನೊಳಗೆ ನಡೆಯಲು ಒಂದು ವ್ಯವಸ್ಥೆಯಿದೆ: ಅನುಮತಿ, ದಾಖಲೆ, ಅಧಿಕಾರಿ, ಪರಿಹಾರ. ನಮ್ಮಲ್ಲಿ ಅಂಥದ್ದಿಲ್ಲ. 1878ರ ನಿಧಿ ಕಾಯ್ದೆ ಮಣ್ಣಿನಲ್ಲಿ ಸಿಕ್ಕ 10 ರೂಪಾಯಿ ಮೀರಿದ ಬೆಲೆಯ ವಸ್ತುವನ್ನೂ ಕಲೆಕ್ಟರಿಗೆ ತಿಳಿಸಬೇಕು ಎಂದಿತು. ಕರ್ನಾಟಕಕ್ಕೆ ತನ್ನದೇ 1962ರ ನಿಧಿ ಕಾಯ್ದೆಯಿದೆ. ಗುಡಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಾಗಿದ್ದರೆ ಆ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯಡಿ ಅಪರಾಧ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹವನ್ನು ಚೀಲದಲ್ಲಿಟ್ಟು ಇಂಗ್ಲೆಂಡಿಗೆ ತಂದರೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ. ಹೊಯ್ಸಳರ ನೆಲದಲ್ಲಿ ಪಾಳುಗುಡಿಯ ಗರ್ಭಗುಡಿಯನ್ನು ಅಗೆದು, ವೀರಗಲ್ಲು ಕಿತ್ತು ಹಾಳುಮಾಡುವ ನಿಧಿಗಳ್ಳರ ಕಾಟ ಎಷ್ಟೆಂದು ನಿಮಗೇ ಗೊತ್ತಿದೆ. ಗುಡಿಯ ಪಕ್ಕ ಡಿಟೆಕ್ಟರ್ ಹಿಡಿದು ನಿಂತವರನ್ನು ಊರಿನವರೂ ಪೊಲೀಸರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಮನೆಯಂಗಳದಲ್ಲಿ ಅತ್ತಿಗೆಯ ಓಲೆ ಕಳೆದುಹೋಗಿ ಹುಡುಕಬೇಕಾದರೆ ಮಾತು ಬೇರೆ, ಅದಕ್ಕೆ ಪಿನ್‌ಪಾಯಿಂಟರ್ ಒಂದೇ ಸಾಕು. ಹೊಲ ಉಳುವಾಗ ತಾನಾಗಿ ನಾಣ್ಯವೋ ಶಾಸನದ ಕಲ್ಲೋ ಮೇಲೆ ಬಂದರೆ ಅದು ಇದ್ದಲ್ಲೇ ಇರಲಿ, ಫೋಟೋ ತೆಗೆದು ತಹಶೀಲ್ದಾರರ ಕಚೇರಿಗೆ ತಿಳಿಸಿ.